ಹುಳು ಇದ್ದಾಗೊಂದು ಮಾತ್ರೆ, ಇಲ್ಲದಾಗೊಂದು ಮಾತ್ರೆ

ಜೂನ್ ಹದಿನಾರು, ಸೋಮವಾರ. ಬೆಳಿಗ್ಗೆ ಆರೂಕಾಲಕ್ಕೆ ಬರೆಯಲು ಕುಳಿತೆ.

ಮೂವತ್ತೆರಡನೇ ವಯಸ್ಸಿಗೆ ನಿವೃತ್ತಿ ಎಂದರೆ ನಗುವವರೇ ಹೆಚ್ಚು. ಆದರೆ ನನಗೆ ಆದದ್ದು ಅದೇ. ಕೊಳ್ಳೇಗಾಲದಲ್ಲಿ ಒಂದು ಬಾಡಿಗೆ ಮನೆ, ಒಂದು ಜೀಪು, ಒಬ್ಬ ಮನೋವೈದ್ಯರು, ಒಬ್ಬ ಚಾಲಕ, ಒಬ್ಬಳು ನರ್ಸ್. ಇಷ್ಟೇ ನಮ್ಮ ತಂಡ. ಬುಧವಾರ ಹನೂರು, ಶುಕ್ರವಾರ ಯಳಂದೂರು, ಉಳಿದ ದಿನ ಕೊಳ್ಳೇಗಾಲ. ಮಾರ್ಚ್ ಕೊನೆಗೆ ಯೋಜನೆ ಮುಗಿಯಿತು. ರೋಗಿಗಳನ್ನು ಸರ್ಕಾರಿ ಆಸ್ಪತ್ರೆಗೆ ಒಪ್ಪಿಸಿದೆವು. ಡಾಕ್ಟರು ಮೈಸೂರಿನ ತಮ್ಮ ಮನೆಗೆ ಹೋದರು. ನಾನೂ ನರ್ಸ್ ಕೆಲಸಕ್ಕೆ ಮರಳುವುದಿಲ್ಲ. ಹನೂರಿನ ರಸ್ತೆ ಎಂಟು ವರ್ಷದಲ್ಲಿ ನನ್ನ ಬೆನ್ನಿಗೆ ಮಾಡಿದ್ದನ್ನು ಯಾವ ಮಾತ್ರೆಯೂ ಸರಿಪಡಿಸಿಲ್ಲ.

ಮೊದಲ ದಿನದಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗೆ. ಯಾರಿಗೆ ಯಾವ ಮಾತ್ರೆ ಏರಿಸಿದೆವು, ಯಾರಿಗೆ ಇಳಿಸಿದೆವು, ತೂಕ ಎಷ್ಟು, ನಿದ್ದೆ ಎಷ್ಟು, ಯಾರು ಬಿದ್ದರು, ಯಾರು ಅತ್ತರು. ಮನೋರೋಗದ ನರ್ಸಿಂಗ್‌ಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಇದರಲ್ಲಿ ಏನಾದರೂ ಸಿಗಬಹುದು ಎಂದು ಬರೆಯುತ್ತಿದ್ದೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಹೆಚ್ಚಿನ ಭಾಗ ಅಗರದ ನಾಗಪ್ಪನವರ ಕಥೆ. ಅವರು ಮನೆಯಲ್ಲಿ ಉಳಿಯುತ್ತಾರೋ, ಅಣ್ಣ ಅವರನ್ನು ದೂರದ ಆಶ್ರಮಕ್ಕೆ ಬಿಟ್ಟುಬರುತ್ತಾರೋ ಎಂಬುದು ಒಂದು ವರ್ಷ ಒಂದು ಮಾತ್ರೆಯ ಪ್ರಮಾಣದ ಮೇಲೆ ನಿಂತಿತ್ತು.

ಅದಕ್ಕೆ ಮೊದಲು ನಮ್ಮ ಡಾಕ್ಟರ ಬಗ್ಗೆ. ಅರವತ್ತು ದಾಟಿದವರು, ಮುಂಗೋಪಿ, ಟೀ ತಣ್ಣಗಾದರೆ ಇಡೀ ಕ್ಲಿನಿಕ್ಕಿಗೆ ಗೊತ್ತಾಗುವಂತೆ ಗೊಣಗುವವರು. ನಾನು ಸೇರಿದ ಮೊದಲ ವಾರ ಒಬ್ಬ ರೋಗಿಯ ಬಗ್ಗೆ, "ಚೆನ್ನಾಗಿದ್ದಾರೆ ಸಾರ್, ಗಲಾಟೆ ಏನೂ ಇಲ್ಲ" ಎಂದು ವರದಿ ಕೊಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಗಲಾಟೆ ಇಲ್ಲ ಅನ್ನೋದು ಮನೆಯವರ ಆರೋಗ್ಯ. ಅವನದು ಹೇಗಿದೆ?"

ಹೋಗಿ ನೋಡಿದೆ. ಆತ ಬೆಳಿಗ್ಗೆ ಕೂರಿಸಿದ ಬೆಂಚಿನಲ್ಲಿಯೇ ಕುಳಿತಿದ್ದ. ಕತ್ತು ಗಟ್ಟಿಯಾಗಿತ್ತು. ನೊಣ ಕೂತರೂ ಕೈ ಏಳುತ್ತಿರಲಿಲ್ಲ. ಅಂದಿನಿಂದ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳುವುದು ನಮ್ಮ ಪದ್ಧತಿಯಾಯಿತು. ಕಾಯಿಲೆಯಿಂದ ಏನು ಮಾಡಲಾಗುತ್ತಿಲ್ಲ? ಮಾತ್ರೆಯಿಂದ ಏನು ಮಾಡಲಾಗುತ್ತಿಲ್ಲ? ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಜನ ಸಂಕೋಚಪಡುತ್ತಾರೆ, ಇಲ್ಲವೇ ಅದನ್ನೂ ಕಾಯಿಲೆಯೆಂದೇ ತಿಳಿಯುತ್ತಾರೆ.

ಬಿಳಿಗಿರಿರಂಗನ ಬೆಟ್ಟದಿಂದ ಒಬ್ಬರು ದಿನಗೂಲಿ ಕಾವಲುಗಾರರು ಬರುತ್ತಿದ್ದರು. ಒಂದು ವರ್ಷ ಸರಿಯಾಗಿದ್ದವರು ಮತ್ತೆ ನಿದ್ದೆ ಬಿಟ್ಟು, ನಿಲ್ಲದೆ ಮಾತಾಡುತ್ತ ಬಂದರು. ಡಾಕ್ಟರು ಮಾತ್ರೆ ಏರಿಸಲು ಪೆನ್ನು ತೆಗೆದರು. ನಾನು ರಾತ್ರಿಯ ಮಾತ್ರೆಯ ಬಗ್ಗೆ ಎರಡನೇ ಪ್ರಶ್ನೆ ಕೇಳಿದೆ.

"ಕಾವಲಿರೋ ದಿವ್ಸ ನುಂಗಲ್ಲ ಸಿಸ್ಟ್ರಮ್ಮ. ಆನೆ ಬಂದ್ರೆ ಆ ಮಾತ್ರೆ ಎಬ್ಬುಸ್ತದಾ? ಇಲ್ಲ ಆನೆನೇ ಬಂದು ಎಬ್ಬುಸ್ಬೇಕಾ?"

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಮಾತ್ರೆ ಏರಿಸಲಿಲ್ಲ. ಅವರ ಕಾವಲನ್ನು ಹಗಲಿಗೆ ಬದಲಿಸಿಕೊಡಬೇಕೆಂದು ಬರೆದುಕೊಟ್ಟರು. ಮಾತ್ರೆ ಹಳೆಯದೇ, ಪ್ರಮಾಣವೂ ಹಳೆಯದೇ. ಕಾಯಿಲೆ ಹತೋಟಿಗೆ ಬಂತು.

ಹನೂರಿನ ಕಡೆಯ ಒಂದು ಹಳ್ಳಿಯಿಂದ ತಮಿಳು ಬೆರೆತ ಕನ್ನಡದ ತಾಯಿಯೊಬ್ಬಳು ಮಗಳನ್ನು ಕರೆತರುತ್ತಿದ್ದಳು. ಹುಡುಗಿಗೆ ಸಂಶಯದ ಕಾಯಿಲೆ ಪೂರ್ತಿ ಇಳಿದಿತ್ತು. ನಾವು ಹೆಮ್ಮೆಯಲ್ಲಿದ್ದೆವು. ಒಂದು ಬುಧವಾರ ತಾಯಿ ನನ್ನನ್ನು ಜೀಪಿನ ಹಿಂದಕ್ಕೆ ಕರೆದು, "ಅಮ್ಮಾ, ಮೂನು ತಿಂಗಳಾಚು, ಇವಳು ಮುಟ್ಟಾಗಿಲ್ಲೆ. ನಾ ಬೇರೆ ಏನೋ ನೆನ್ಸಿ ಹೊಡದ್ಬಿಟ್ಟೆ" ಎಂದು ಅತ್ತಳು. ಅದು ಮಾತ್ರೆಯ ಪರಿಣಾಮ. ಔಷಧ ಬದಲಿಸಿದೆವು, ಮುಟ್ಟು ಮರಳಿತು. ಏಟು ತಿಂದದ್ದು ಮಾತ್ರ ಮರಳಿ ಹೋಗಲಿಲ್ಲ. ಆ ಹುಡುಗಿ ಆಮೇಲೆ ತಾಯಿಯ ಜೊತೆ ಕೂರದೆ ಬೆಂಚಿನ ಇನ್ನೊಂದು ತುದಿಗೆ ಕೂರುತ್ತಿದ್ದಳು. ಹೆಣ್ಣುಮಕ್ಕಳಿಗೆ ಇಂಥ ಮಾತ್ರೆ ಶುರುಮಾಡಿದರೆ ಮುಟ್ಟಿನ ವಿಷಯವನ್ನು ಮೊದಲ ತಿಂಗಳಿಂದಲೇ, ನೀವಾಗಿಯೇ ಕೇಳಿ.

ಇನ್ನು ನಾಗಪ್ಪನವರು.

ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಹೆಂಡತಿ ರತ್ನಮ್ಮ, ಅಣ್ಣ ಗುರುಮಲ್ಲಪ್ಪ. ಅಣ್ಣತಮ್ಮಂದಿರದು ಒಂದೇ ಮನೆ. ಕಾಲುವೆ ಪಕ್ಕದಲ್ಲಿ ಹಿಪ್ಪುನೇರಳೆ ತೋಟ, ತೋಟದ ಮಗ್ಗುಲಲ್ಲಿ ರೇಷ್ಮೆ ಹುಳು ಸಾಕುವ ಮನೆ. ಸಣ್ಣ ಮರಿಗಳನ್ನು ತಂದು, ಸೊಪ್ಪು ಹಾಕಿ ಬೆಳೆಸಿ, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವಷ್ಟರಲ್ಲಿ ಸುಮಾರು ಒಂದು ತಿಂಗಳು. ಅದಕ್ಕೆ ಒಂದು ಬೆಳೆ ಎನ್ನುತ್ತಾರೆ. ಆಮೇಲೆ ಮನೆ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ತೋಟದಲ್ಲಿ ಸೊಪ್ಪು ಚಿಗುರುವವರೆಗೆ ಕೆಲವು ವಾರ ಬಿಡುವು. ಮತ್ತೆ ಮುಂದಿನ ಬೆಳೆ. ನಾಗಪ್ಪನವರಿಗೆ ಬರುತ್ತಿದ್ದ ಕೆಲಸ ಅದೊಂದೇ. ಅದನ್ನು ಚೆನ್ನಾಗಿ ಮಾಡುತ್ತಿದ್ದರು.

ಹನ್ನೆರಡು ವರ್ಷದಿಂದ ಅವರಿಗೆ ದನಿಗಳು ಕೇಳುತ್ತಿದ್ದವು. ಎರಡು ಔಷಧ ನಾಟಲಿಲ್ಲ. ಆಮೇಲೆ ಡಾಕ್ಟರು ಕ್ಲೋಜಪಿನ್ ಶುರುಮಾಡಿದರು. ಬೇರೆ ಔಷಧಗಳು ಸೋತಲ್ಲಿ ಕೆಲಸ ಮಾಡುವ ಮಾತ್ರೆ ಅದು, ಆದರೆ ಸಲಿಗೆ ಕೊಡುವಂಥದ್ದಲ್ಲ. ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಪ್ರಮಾಣ ಮಿತಿಮೀರಿದರೆ ತೂಕಡಿಕೆ, ನಿದ್ದೆಯಲ್ಲಿ ದಿಂಬು ನೆನೆಯುವಷ್ಟು ಜೊಲ್ಲು, ಇನ್ನೂ ಏರಿದರೆ ಫಿಟ್ಸ್ ಬರುವ ಅಪಾಯ. ಕಡಿಮೆಯಾದರೆ ದನಿಗಳು ವಾಪಸು.

ನಾಲ್ಕನೇ ತಿಂಗಳು ರತ್ನಮ್ಮ ಯಳಂದೂರಿಗೆ ಬಂದವರೇ ನನ್ನ ಕೈ ಹಿಡಿದುಕೊಂಡರು.

"ಸಾರ್ನಲ್ಲಿ ಉಪ್ಪಿಲ್ಲ ಅಂದ್ರು ಇವ್ರು ಸಿಸ್ಟ್ರಮ್ಮ! ಅನ್ನೆಲ್ಡು ವರ್ಸದಿಂದ ಉಪ್ಪದೋ ಇಲ್ವೋ ಗೊತ್ತಾಗ್ದೆ ಉಂಡ್ಕಂಡು ಓಯ್ತಿದ್ರು. ನೆನ್ನೆ ತಟ್ಟೆ ತಳ್ಬುಟ್ಟು ಬೈದ್ರು."

"ಬೈದದ್ದಕ್ಕೆ ಇಷ್ಟು ಖುಷಿಯಾ?" ಎಂದೆ.

"ನನ್ನೇ ನೋಡ್ಕಂಡು ಬೈದ್ರು ಕಣಿ. ಗೋಡೆ ನೋಡ್ಕಂಡಲ್ಲ."

ಆ ಖುಷಿ ಎರಡು ತಿಂಗಳು ಇತ್ತು. ಆಮೇಲೆ ಶುರುವಾದದ್ದು ಯಾರ ಬುದ್ಧಿಗೂ ಹತ್ತದ ಏರಿಳಿತ. ಒಂದು ಶುಕ್ರವಾರ ನಾಗಪ್ಪನವರು ತೂಕಡಿಸುತ್ತ, ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದರು. ಸೊಪ್ಪು ಹಾಕುತ್ತ ಹಾಕುತ್ತಲೇ ಹುಳುವಿನ ತಟ್ಟೆಯ ಮೇಲೆ ಕವುಚಿ ಮಲಗಿಬಿಟ್ಟಿದ್ದರಂತೆ. ಡಾಕ್ಟರು ಮಾತ್ರೆ ಇಳಿಸಿದರು. ಮುಂದಿನ ಸಲ ಬಂದಾಗ ಕಣ್ಣು ಅತ್ತಿತ್ತ ಓಡುತ್ತಿತ್ತು, ತುಟಿ ಒಳಗೊಳಗೇ ಮಾತಾಡುತ್ತಿತ್ತು. ಏರಿಸಿದರು. ಅದರ ಮುಂದಿನ ಸಲ ಮತ್ತೆ ತೂಕಡಿಕೆ. ಹೀಗೆ ಆರು ತಿಂಗಳಲ್ಲಿ ಮೂರು ಸಲ ಏರಿಕೆ, ಮೂರು ಸಲ ಇಳಿಕೆ. ರತ್ನಮ್ಮ ಮಾತ್ರೆ ತಪ್ಪಿಸುತ್ತಿಲ್ಲವೆಂದು ಆಣೆ ಮಾಡಿದರು. ನಾನು ಖಾಲಿ ಮಾತ್ರೆಪಟ್ಟಿಗಳನ್ನು ಎಣಿಸಿದೆ, ಲೆಕ್ಕ ಸರಿಯಾಗಿತ್ತು. ಡಾಕ್ಟರು ಕಾಫಿ, ಬೇರೆ ಔಷಧ, ನಾಟಿ ಮದ್ದು, ಬೀಡಿ ಎಲ್ಲವನ್ನೂ ಕೇಳಿದರು.

"ಬೀಡಿ ಸೇದ್ತೀರಾ?"

"ಸೇದ್ತೀನಿ ಸಾ. ದಿನಕ್ಕೊಂದು ಕಟ್ಟು."

ಪ್ರತಿ ಸಲ ಇದೇ ಪ್ರಶ್ನೆ, ಇದೇ ಉತ್ತರ. ಉತ್ತರ ಸುಳ್ಳಾಗಿರಲಿಲ್ಲ.

ನವೆಂಬರಿನಲ್ಲಿ ಕೆಟ್ಟದ್ದು ನಡೆಯಿತು. ಬೆಳೆ ಮುಗಿದು ಬಿಡುವಿನ ವಾರ. ಗುರುಮಲ್ಲಪ್ಪ ಹುಳು ಮನೆ ತೊಳೆಸಿ, ಚಂದ್ರಿಕೆಗಳಿಗೆ ಬ್ಲೀಚಿಂಗ್ ನೀರು ಚಿಮುಕಿಸಿ ಬಿಸಿಲಿಗೆ ಇಟ್ಟಿದ್ದರು. ನಾಗಪ್ಪನವರಿಗೆ ಆ ವಾಸನೆ ಬಂತು. ಅಣ್ಣ ವಿಷ ಬಳಿದಿದ್ದಾನೆ ಎಂದು ದನಿಗಳು ಹೇಳಿದವು. ಅವರು ಚಂದ್ರಿಕೆಗಳನ್ನೆಲ್ಲ ಹೊತ್ತು ಒಂದೊಂದಾಗಿ ಕಾಲುವೆಗೆ ಎಸೆದರು. ತಡೆಯಲು ಹೋದ ಅಣ್ಣನನ್ನೂ ತಳ್ಳಿದರು. ಗುರುಮಲ್ಲಪ್ಪನವರ ಮುಂಗೈ ಮುರಿಯಿತು.

ಅವರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನೇರ ಕ್ಲಿನಿಕ್ಕಿಗೇ ಬಂದರು. ಕೂಗಾಡಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು.

"ನೋಡಿ ಸಾ, ಮಾತ್ರೆ ಕೊಟ್ರೆ ಹೆಣ ಬಿದ್ದಂಗೆ ಬಿದ್ದಿರ್ತಾನೆ. ಕಮ್ಮಿ ಮಾಡುದ್ರೆ ಹಿಂಗೆ. ನಾ ಯಾವ್ ತಮ್ಮುನ್ ಇಟ್ಕಳ್ಳಿ? ಮೈಸೂರಿಂದಾಚೆ ಒಂದು ಆಶ್ರಮ ಅದೆ. ಇಂಥೋರ್ನ ಇಟ್ಕತ್ತಾರಂತೆ. ಮಾತಾಡ್ಕಂಡ್ ಬಂದಿವ್ನಿ. ಇನ್ನೊಂದ್ ಬೆಳೆ ನೋಡ್ತೀನಿ. ಅದೂ ಕೆಟ್ರೆ ಬುಟ್ಬುಟ್ಟು ಬತ್ತೀನಿ."

ರತ್ನಮ್ಮ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು. ಗುರುಮಲ್ಲಪ್ಪ ಹೋದ ಮೇಲೆ, "ಗೂಟಕ್ಕೆ ಕಟ್ಟಾಕ್ತಾರಂತೆ ಸಿಸ್ಟ್ರಮ್ಮ ಅಲ್ಲಿ. ನಿಜ್ವಾ?" ಎಂದು ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಇಂಥಲ್ಲಿ ಸುಮ್ಮನೆ ಸಮಾಧಾನ ಹೇಳಬಾರದು ಎಂಬುದನ್ನು ಅಷ್ಟು ಹೊತ್ತಿಗೆ ಕಲಿತಿದ್ದೆ.

ಡಾಕ್ಟರು ಮಾತ್ರೆ ಏರಿಸಿ, ಹತ್ತು ಹನ್ನೆರಡು ದಿನ ಬಿಟ್ಟು ಮನೆಗೇ ಹೋಗಿ ನೋಡಿಕೊಂಡು ಬರಲು ನನಗೆ ಹೇಳಿದರು. ಹೋಗುವಷ್ಟರಲ್ಲಿ ಹೊಸ ಬೆಳೆ ಶುರುವಾಗಿತ್ತು. ಜೀಪು ತೋಟದ ಅಂಚಿಗೆ ನಿಂತಿತು. ನಮ್ಮ ಚಾಲಕ ಸಿದ್ದರಾಜು ಇಳಿದವನೇ ಬೀಡಿ ಹಚ್ಚಿದ. ಹುಳು ಮನೆಯೊಳಗಿಂದ ರತ್ನಮ್ಮನ ದನಿ ಬಾಣದ ಹಾಗೆ ಬಂತು.

"ಯಾವನ್ಲಾ ಅವ್ನು ಒಗೆ ಬುಡೋನು? ಉಳ ಅವೆ ಕಣ್ಲಾ ಒಳ್ಗೆ! ಆ ಬದದಾಚ್ಕೋಗು! ಜೀಪ್ನೂ ತಕಂಡೋಗು!"

ಸಿದ್ದರಾಜು ಬೀಡಿಯನ್ನು ನೆಲಕ್ಕೆ ಹಾಕಿದ. ಅದೂ ಸಲ್ಲಲಿಲ್ಲ.

"ಅಲ್ಲಿ ಬಿಸಾಕ್ಬ್ಯಾಡ್ವೋ! ಸೊಪ್ಗೆ ತಗಲ್ತದೆ! ಜೋಬಿಗಾಕ್ಕಂಡೋಗು!"

"ಉರೀತಾ ಅದೆ ಕಣಕ್ಕ."

"ಉರೀಲಿ!"

ನಾನು ಕಾಲು ತೊಳೆದು, ತಲೆಗೆ ವಾಸನೆ ಎಣ್ಣೆ ಹಚ್ಚಿಲ್ಲವೆಂದು ಹೇಳಿ, ಹೊಸ್ತಿಲಲ್ಲಿ ಚೆಲ್ಲಿದ ಸುಣ್ಣವನ್ನು ತುಳಿದು ಒಳಗೆ ಹೋದೆ. ನಾಗಪ್ಪನವರು ಗೋಡೆಗೆ ಒರಗಿ ಕುಳಿತಿದ್ದರು. ಎದೆಯವರೆಗೆ ಅಂಗಿ ಒದ್ದೆ. ಎಬ್ಬಿಸಿದರೆ ಕಣ್ಣು ಬಿಟ್ಟು, "ಬಂದ್ರಾ" ಎಂದು ಮತ್ತೆ ಮುಚ್ಚಿದರು. ರತ್ನಮ್ಮ ಒಬ್ಬರೇ ಇಬ್ಬರ ಕೆಲಸ ಮಾಡುತ್ತಿದ್ದರು. ನಾಡಿ ನೋಡಿದೆ, ರಕ್ತದೊತ್ತಡ ನೋಡಿದೆ, ಬರೆದುಕೊಂಡೆ. ಹೊರಡುವಾಗ ಸುಮ್ಮನೆ ಮಾತಿಗೆಂದು ಕೇಳಿದೆ.

"ಬೀಡಿಗೆ ಇಷ್ಟು ಹೆದರಿದರೆ, ನಿಮ್ಮ ಯಜಮಾನರ ಕಟ್ಟು ಎಲ್ಲಿ ಇಡ್ತೀರಿ?"

"ಇವ್ರಾ? ಉಳ ಒಳಕ್ ಬಂದ್ ದಿನದಿಂದ ಗೂಡು ಬುಡ್ಸೋಗಂಟ ಒಂದ್ನೂ ಮುಟ್ಟಲ್ಲ. ಕೈಲಿ ವಾಸ್ನೆ ಇದ್ರೂ ಉಳ ಸಾಯ್ತವೆ. ಅವ್ರಪ್ಪನೂ ಅಂಗೇ. ನಮ್ಮೂರಲ್ಲಿ ಉಳ ಸಾಕೋರೆಲ್ಲ ಅಂಗೇ."

"ಕ್ಲಿನಿಕ್ಕಲ್ಲಿ ದಿನಕ್ಕೊಂದು ಕಟ್ಟು ಅಂತಾರಲ್ಲ?"

"ಸೇದೋರೇ ತಾನೆ? ಉಳ ಇದ್ದಾಗ್ಲೂ ಸೇದ್ತೀರಾ ಅಂತ ಯಾರ್ ಕೇಳುದ್ರು? ಅದು ಯಾರಾರಾ ಕೇಳೋ ಮಾತಾ?"

ಇದರ ಬೆಲೆ ನನಗೆ ಆಗಲೂ ತಿಳಿಯಲಿಲ್ಲ. ಕೊಳ್ಳೇಗಾಲಕ್ಕೆ ಮರಳಿ ನಾಡಿ, ಒತ್ತಡ ಎಲ್ಲ ಒಪ್ಪಿಸಿ, ಸಿದ್ದರಾಜುವಿನ ಜೇಬು ಸುಟ್ಟ ಕಥೆಯನ್ನು ಟೀ ಜೊತೆಗೆ ಹೇಳಿದೆ. ಡಾಕ್ಟರು ನಗಲಿಲ್ಲ. ಲೋಟ ಕೆಳಗಿಟ್ಟರು.

"ಹುಳು ಇರುವಾಗ ಒಂದೂ ಸೇದಲ್ವಾ? ಖಚಿತವಾ?"

"ಊರಿಗೆ ಊರೇ ಸೇದಲ್ವಂತೆ ಸಾರ್."

ಅವರು ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಆಮೇಲೆ ವಿವರಿಸಿದರು. ಕ್ಲೋಜಪಿನ್ನನ್ನು ಕರಗಿಸಿ ಹೊರಹಾಕುವುದು ಪಿತ್ತಜನಕಾಂಗ. ಬೀಡಿ ಸಿಗರೇಟಿನ ಹೊಗೆ ಆ ಕೆಲಸವನ್ನು ಚುರುಕುಗೊಳಿಸುತ್ತದೆ. ದಿನಾ ಸೇದುವವನ ರಕ್ತದಲ್ಲಿ ಔಷಧ ಕಡಿಮೆ ನಿಲ್ಲುತ್ತದೆ. ಅದೇ ಮನುಷ್ಯ ಸೇದುವುದನ್ನು ಬಿಟ್ಟರೆ, ನುಂಗಿದ ಅದೇ ಮಾತ್ರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಬಹಳ ಏರುತ್ತದೆ. ನಾಗಪ್ಪನವರು ಬಿಡುವಿನ ವಾರಗಳಲ್ಲಿ ಸೇದಿದರು, ದನಿ ಬಂತು, ನಾವು ಏರಿಸಿದೆವು. ಬೆಳೆ ಬಂತು, ಬೀಡಿ ನಿಂತಿತು, ಏರಿಸಿದ ಮಾತ್ರೆ ಇನ್ನಷ್ಟು ಏರಿ ಅವರನ್ನು ಮಲಗಿಸಿತು. ನಾವು ಇಳಿಸಿದೆವು, ಅಷ್ಟರಲ್ಲಿ ಗೂಡು ಬಿಡಿಸಿ ಅವರು ಬೀಡಿ ಹಚ್ಚಿದರು. ಅಷ್ಟೂ ತಿಂಗಳು ನಾವು ಕಾಯಿಲೆಯ ಹಿಂದೆ ಓಡುತ್ತಿದ್ದೇವೆ ಎಂದುಕೊಂಡಿದ್ದೆವು. ಓಡುತ್ತಿದ್ದದ್ದು ಹುಳುವಿನ ಹಿಂದೆ.

"ಇದು ನನಗೆ ಗೊತ್ತಿದ್ದ ವಿಷಯವೇ," ಎಂದರು ಡಾಕ್ಟರು. "ಅದಕ್ಕೇ ತಾನೇ ಪ್ರತಿ ಸಲ ಕೇಳ್ತಿದ್ದೆ." ಅಂದು ಅವರ ಟೀ ತಣ್ಣಗಾದರೂ ಗೊಣಗಲಿಲ್ಲ. ಹೊಸಬರಿಗೆ ಇಲ್ಲಿ ಒಂದು ಮಾತು. ಸೇದುತ್ತೀರಾ ಎಂದು ಕೇಳಿದರೆ ಸಾಲದು. ಕಳೆದ ವಾರ ಸೇದಿದ್ದೀರಾ, ಮುಂದಿನ ವಾರ ಸೇದುತ್ತೀರಾ ಎಂದು ಕೇಳಬೇಕು.

ಅಂದೇ ಫೋನ್ ಮಾಡಿ ಮಾತ್ರೆ ಇಳಿಸಿದರು. ಬೆಳೆ ಹೇಗೋ ಉಳಿಯಿತು. ಗೂಡು ಹಗುರ ಬಂತೆಂದು ಗುರುಮಲ್ಲಪ್ಪ ಗೊಣಗಿದರು, ಆದರೆ ಕೆಟ್ಟಿತು ಎನ್ನುವಂತಿರಲಿಲ್ಲ. ಗಡುವು ಮುಂದಿನ ಬೆಳೆಗೆ ಹೋಯಿತು.

ಆ ಬೆಳೆ ಇನ್ನೂ ಮನೆಯಲ್ಲಿರುವಾಗಲೇ ಒಂದು ಶುಕ್ರವಾರ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರು ಎಲ್ಲ ಹೇಳಿದರು. ರತ್ನಮ್ಮ ತಕ್ಷಣ ದಾರಿ ಹುಡುಕಿದರು.

"ಅಂಗಾರೆ ಉಳ ಇದ್ದಾಗೊಂದು ಮಾತ್ರೆ, ಇಲ್ದಾಗೊಂದು ಮಾತ್ರೆ ಕೊಡಿ ಸಾ. ನಾ ನೆಪ್ಪಿಟ್ಕಂಡು ಕೊಡ್ತೀನಿ."

ಡಾಕ್ಟರು ಅದನ್ನು ತಳ್ಳಿಹಾಕಲಿಲ್ಲ, ಯೋಚಿಸಿದರು. ಕೊನೆಗೆ ಬೇಡವೆಂದರು. ರಕ್ತದಲ್ಲಿ ಔಷಧ ಒಂದೇ ದಿನಕ್ಕೆ ಏರುವುದಿಲ್ಲ, ಒಂದೇ ದಿನಕ್ಕೆ ಇಳಿಯುವುದೂ ಇಲ್ಲ. ಹುಳುವಿಗೆ ರೋಗ ಬಂದು ಬೆಳೆ ಮಧ್ಯದಲ್ಲೇ ಹೋದರೆ? ಬೆಳೆಯ ನಡುವೆ ಮದುವೆ ಮನೆಗೆ ಹೋಗಿ ನಾಲ್ಕು ಬೀಡಿ ಸೇದಿ ಬಂದರೆ? ಅಳತೆ ತಪ್ಪಿದರೆ ಫಿಟ್ಸ್. ಒಂದೇ ಪ್ರಮಾಣ ಇರಬೇಕು, ಅದಕ್ಕೆ ಬೀಡಿ ಪೂರ್ತಿ ನಿಲ್ಲಬೇಕು ಎಂದರು.

ನಾಗಪ್ಪನವರು ತಮ್ಮ ಬಲಗೈಯನ್ನು ಡಾಕ್ಟರ ಮುಂದೆ ಚಾಚಿದರು.

"ಉಳ ಇದ್ದಾಗ ಬೀಡಿ ಗ್ಯಾನನೇ ಬರಲ್ಲ ಸಾ. ಗೂಡು ಬುಡ್ಸಿದ್ ದಿವ್ಸ ಕೈ ತಾನಾಗೇ ಜೋಬಿಗೋಯ್ತದೆ. ನಾನೇನ್ ಮಾಡ್ಲಿ? ಕೈಗೆ ಯಾವ್ ಮಾತ್ರೆ ಕೊಟ್ಟೀರಿ?"

ಬಿಡುತ್ತೇನೆ ಎಂದು ಒಪ್ಪಿಕೊಂಡು ಹೋದರು. ಗೂಡು ಮಾರಿದ ಮೂರನೇ ದಿನ ಅಂಗಡಿ ಜಗುಲಿಯಲ್ಲಿ ಸೇದುತ್ತ ಕುಳಿತಿದ್ದರು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅಷ್ಟೂ ವರ್ಷ ಅವರು ಬೀಡಿ ಬಿಟ್ಟದ್ದು ತಮಗಾಗಿ ಅಲ್ಲ, ಹುಳುವಿಗಾಗಿ.

ಇದನ್ನು ಮೊದಲು ಕಂಡುಕೊಂಡು ಏನಾದರೂ ಮಾಡಿದವರು ರತ್ನಮ್ಮ. ನಮ್ಮನ್ನು ಕೇಳಿ ಮಾಡಿದ್ದಲ್ಲ. ಇನ್ನೊಂದು ತೋಟದವರು ಮರಿ ತಂದಾಗ ಅವರಿಂದ ಒಂದು ಹಿಡಿ ಮರಿ ಕೇಳಿ ತಂದರು. ಹುಳು ಮನೆ ತೊಳೆದು ಖಾಲಿ ಬಿಡಬೇಕಾದ ಕಾಲ, ಅಲ್ಲಿ ಇಡುವಂತಿಲ್ಲ. ಹಾಗಾಗಿ ತಾವು ಮಲಗುವ ಕೋಣೆಯಲ್ಲಿ, ಮೊರದ ಮೇಲೆ ಕಾಗದ ಹಾಸಿ ಸಾಕಿದರು. ಒಂದೇ ಮೊರ. ಸೊಪ್ಪು ಹಾಕುವುದು ನಾಗಪ್ಪನವರ ಕೆಲಸ. ಹುಳು ಇರುವ ಕೋಣೆಗೆ ಬೀಡಿ ಸೇದಿದವನು ಬರುವಂತಿಲ್ಲ. ಬರದಿದ್ದರೆ ಮಲಗಲು ಜಾಗವಿಲ್ಲ.

ಗುರುಮಲ್ಲಪ್ಪ ನೋಡಿ ಗೇಲಿ ಮಾಡಿದರಂತೆ. "ಏನವ್ವ ರತ್ನ, ಒಂದ್ ಮೊರ ಉಳ ಸಾಕಿ ರೇಷ್ಮೆ ಸೀರೆ ನೇಯ್ಸೀಯಾ? ಕರ್ಚೀಪೂ ಆಗಲ್ಲ ಕಣವ್ವ."

"ಉಳ ಸಾಕ್ತಿಲ್ಲ ಬಾವ," ಎಂದರಂತೆ ರತ್ನಮ್ಮ. "ನಿಮ್ ತಮ್ಮುನ್ನ ಸಾಕ್ತಿವ್ನಿ."

ಡಾಕ್ಟರಿಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಆಮೇಲೆ ಗಂಭೀರವಾಗಿ, "ಎಷ್ಟು ದಿನ ನಡೆಯುತ್ತೋ ಅಷ್ಟು ದಿನ ನಡೆಯಲಿ. ಆದರೆ ಸೇದಿದ ದಿನ ಮುಚ್ಚಿಡದೆ ಹೇಳಬೇಕು. ಬೈಯಬೇಡಿ. ಬೈದರೆ ಹೇಳಲ್ಲ," ಎಂದರು. ಗಂಡ ಸೇದಿದ ದಿನ ರತ್ನಮ್ಮ ನನಗೆ ಫೋನ್ ಮಾಡುತ್ತಿದ್ದರು. ಆ ಬಿಡುವಿನಲ್ಲಿ ಐದು ಸಲ ಮಾಡಿದರು. ಅದರ ಮುಂದಿನ ಬಿಡುವಿನಲ್ಲಿ ಒಂದೇ ಸಲ. ಡಾಕ್ಟರು ಪ್ರಮಾಣವನ್ನು ಮೂರು ಹಂತದಲ್ಲಿ, ಪ್ರತಿ ಹಂತಕ್ಕೂ ನೋಡಿ, ಇಳಿಸುತ್ತ ಬಂದರು. ಜೊಲ್ಲು ಕಡಿಮೆಯಾಯಿತು, ದಿಂಬಿನ ಒಂದು ಮೂಲೆ ಮಾತ್ರ ನೆನೆಯುತ್ತಿತ್ತು. ನಾಗಪ್ಪನವರು ಬೆಳಿಗ್ಗೆ ತಾವಾಗಿಯೇ ಏಳತೊಡಗಿದರು.

ಆದರೆ ಒಂದು ದನಿ ಉಳಿಯಿತು.

ಅದನ್ನೂ ಕಳೆಯಲು ಸ್ವಲ್ಪ ಏರಿಸೋಣ ಎಂಬ ಮನಸ್ಸು ಡಾಕ್ಟರಿಗಿತ್ತು. ನಾಗಪ್ಪನವರು ಕೈ ಅಡ್ಡ ಹಿಡಿದರು.

"ಬ್ಯಾಡಿ ಸಾ. ಮೊದ್ಲು ಸಂತೆ ಇತ್ತು. ಈಗ ಒಬ್ನೇ. ಸಂಜೆ ಬತ್ತಾನೆ, ಏನೋ ಅಂತಾನೆ, ಓಯ್ತಾನೆ. ಅವುನ್ನ ಓಡ್ಸಕ್ಕೋದ್ರೆ ಅವುನ್ ಜೊತೇಲಿ ನಾನೂ ಓಯ್ತೀನಿ, ನಿದ್ದೆಗೆ."

"ಏನು ಹೇಳ್ತಾನೆ? ಯಾರಿಗಾದ್ರೂ ಏನಾದ್ರೂ ಮಾಡು ಅಂತಾನಾ?"

"ಇಲ್ಲ ಸಾ. ಸೊಪ್ಪು ಬಾಡೋಗದೆ ಅಂತಾನೆ."

"ನಿಜವಾಗ್ಲೂ ಬಾಡಿರುತ್ತಾ?"

ನಾಗಪ್ಪನವರು ಸ್ವಲ್ಪ ಯೋಚಿಸಿದರು. "ಒಂದೊಂದ್ ಸತಿ ಬಾಡಿರ್ತದೆ ಸಾ."

ಡಾಕ್ಟರು ಪ್ರಮಾಣ ಬದಲಿಸಲಿಲ್ಲ. ದನಿಯ ಮಾತು ಬದಲಾದರೆ, ಅಪ್ಪಣೆ ಕೊಡತೊಡಗಿದರೆ, ಅದೇ ದಿನ ಬರಬೇಕು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡರು. ಪುಸ್ತಕದ ಪ್ರಕಾರ ರೋಗ ಪೂರ್ತಿ ಇಳಿದಿರಲಿಲ್ಲ, ಅಡ್ಡ ಪರಿಣಾಮವೂ ಪೂರ್ತಿ ಹೋಗಿರಲಿಲ್ಲ. ಎಷ್ಟು ಉಳಿದರೆ ತನ್ನ ಕೆಲಸ ಮಾಡಿಕೊಂಡು ಇರಬಹುದು ಎಂಬುದನ್ನು ರೋಗಿಯೇ ಹೇಳಿದ್ದ. ಅಷ್ಟು ಸ್ಪಷ್ಟವಾಗಿ ಹೇಳುವವರು ನನಗೆ ಎಂಟು ವರ್ಷದಲ್ಲಿ ಹೆಚ್ಚು ಸಿಗಲಿಲ್ಲ. ಓದುವವರು ಇದನ್ನು ನೋಡಿ ತಮ್ಮ ಮಾತ್ರೆಯನ್ನು ತಾವೇ ಏರಿಸಿ ಇಳಿಸಬಾರದು. ಬೀಡಿ ಬಿಡುವುದಾದರೂ, ಮತ್ತೆ ಹಿಡಿಯುವುದಾದರೂ, ಮೊದಲು ಡಾಕ್ಟರಿಗೆ ತಿಳಿಸಿ.

ನಮ್ಮ ತಂಡ ಮುಚ್ಚುವ ಕೊನೆಯ ವಾರ ಅಗರಕ್ಕೆ ಹೋದೆ. ಅಣ್ಣನ ಗಡುವು ಇನ್ನೂ ಒಂದು ಬೆಳೆ ಮುಂದಕ್ಕೆ ಹೋಗಿತ್ತು, ಆ ಬೆಳೆಯೂ ಮುಗಿಯುತ್ತ ಬಂದಿತ್ತು. ಹುಳುಗಳು ಬೆರಳ ಗಾತ್ರವಾಗಿ ಸೊಪ್ಪು ಮೇಯುತ್ತಿದ್ದವು. ಆ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ನಾಗಪ್ಪನವರು ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. ನಾನು ಹೊಸ್ತಿಲಲ್ಲಿ ಕಾಲು ತೊಳೆಯುತ್ತಿದ್ದೆ. ಹಿಂದಿನಿಂದ ಗುರುಮಲ್ಲಪ್ಪ ಬಂದರು. ಹೊರಗೆಲ್ಲೋ ಪಂಚಾಯಿತಿ ಮುಗಿಸಿ ಬಂದಿದ್ದರು, ಬೆರಳ ಸಂದಿಯಲ್ಲಿ ಅರ್ಧ ಬೀಡಿ ಇತ್ತು. ಮಾತಿನ ಭರದಲ್ಲಿ ಮರೆತಿದ್ದರು.

ನಾಗಪ್ಪನವರು ತಲೆ ಎತ್ತಿದರು.

"ಅಣ್ಣೋ! ಉಳ ಅವೆ. ಆಚ್ಕೋಗು."

ಗುರುಮಲ್ಲಪ್ಪ ನಿಂತರು. ಆ ಮನೆಯಲ್ಲಿ ಅವರಿಗೆ ಯಾರೂ ಹಾಗೆ ಹೇಳಿದ್ದು ನನಗೆ ಗೊತ್ತಿಲ್ಲ. ರತ್ನಮ್ಮ ಸೊಪ್ಪು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು. ಗುರುಮಲ್ಲಪ್ಪ ಬೀಡಿಯನ್ನು ನೋಡಿಕೊಂಡರು, ತಮ್ಮನನ್ನು ನೋಡಿದರು, ಆಮೇಲೆ ತಿರುಗಿ ತೋಟದ ಬದುವಿನವರೆಗೆ ನಡೆದು ಹೋದರು. ನಾನು ಹೊರಡುವಾಗಲೂ ಅವರು ಅಲ್ಲೇ, ಕಾಲುವೆ ಏರಿಯ ಮೇಲೆ ಕುಳಿತಿದ್ದರು. ಮುರಿದಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಆಶ್ರಮದ ವಿಷಯ ಕೇಳಲೋ ಬೇಡವೋ ಎಂದು ನಾನು ತಡೆದೆ. ಅವರೇ ಶುರುಮಾಡಿದರು.

"ಆ ಆಶ್ರಮದೋರು ಮೊನ್ನೆ ಫೋನ್ ಮಾಡಿದ್ರು ಕಣಮ್ಮ. ಜಾಗ ಖಾಲಿ ಅದೆ, ಯಾವಾಗ ಕರ್ಕಂಡ್ ಬತ್ತೀರಿ ಅಂದ್ರು."

"ಏನಂದ್ರಿ?"

"ಅವುನ್ಗೆ ಪುರ್ಸೊತ್ತಿಲ್ಲ ಅಂದೆ."

ನನಗೆ ಗೊತ್ತಿರುವುದು ಇಷ್ಟು. ಗೊತ್ತಿಲ್ಲದ್ದು ಬಹಳ ಇದೆ. ಹುಳು ಸಾಕುವವರಂತೆಯೇ ವ್ರತಕ್ಕೆ ಮಾಲೆ ಹಾಕಿ ಕೆಲವು ವಾರ ಬೀಡಿ ಸಿಗರೇಟು ಬಿಡುವವರಿದ್ದಾರೆ. ಅವರಲ್ಲಿಯೂ ಈ ಮಾತ್ರೆ ನುಂಗುವವರು ಇರಲೇಬೇಕು. ಹೊಗೆ ತುಂಬಿದ ಒಲೆಯ ಮುಂದೆ ದಿನವಿಡೀ ಕೂರುವವರಿಗೆ ಹೀಗೇ ಆಗುತ್ತದೆಯೇ ಎಂಬುದಕ್ಕೆ ನಮ್ಮ ಡಾಕ್ಟರ ಬಳಿಯೂ ಖಚಿತ ಉತ್ತರವಿರಲಿಲ್ಲ. ರೋಗಿಗಳಾಗಿ, ಮನೆಯವರಾಗಿ, ನರ್ಸುಗಳಾಗಿ ಇಂಥದ್ದನ್ನು ಕಂಡವರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಬರಹ ಅಚ್ಚಾಗುವ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಯಾವ ಮಾತ್ರೆ, ಯಾವ ಕೆಲಸ, ಬೀಡಿ ಯಾವಾಗ ನಿಂತಿತು, ಯಾವಾಗ ಮತ್ತೆ ಶುರುವಾಯಿತು ಎಂದು ತಿಳಿಸಿದರೆ ಸಾಕು. ಹೆಸರು ಬೇಡ.